ಕೆರೆಗೆ ಅಡ್ಡ ಬಂದ ಮೇಕೆಗಳು

“ಈ ಕೆಂಪು ಬೆಲ್ಟಿನ ಕ್ಯಾಮೆರಾ ಸಲೀಮಣ್ಣಂದಲ್ಲೇನ್ರಿ? ಅವರು ಯಾಕ ಬಂದಿಲ್ಲ?”

ಕೊಂಡಜ್ಜಿ ಗುಡ್ಡದ ಮೇಲೆ ನಿಂತು ಕೆರೆಯ ಫೋಟೊ ತೆಗೆಯಲು ಹೊರಟಿದ್ದ ನನ್ನನ್ನು, ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಹೀಗೆ ಕೇಳಿದಾಗ ಬೆಚ್ಚಿದೆ. ಸಲೀಂ ನನ್ನ ತಮ್ಮ. ರಾಷ್ಟ್ರೀಯ ಉದ್ಯಾನಗಳಲ್ಲಿ ಚಾರಣ ಮಾಡಿ ಬೆಟ್ಟದ ಕೆರೆಗಳ ಫೋಟೊ ತೆಗೆಯುವುದು ಅವನ ಹುಚ್ಚು. ದಾವಣಗೆರೆಯಲ್ಲೇ ಇದ್ದ ಭಾನುವಾರಗಳಲ್ಲಿ ಈ ಗುಡ್ಡ ಹತ್ತುತ್ತಿದ್ದ. ಅವನು ಹೋಗಿ ನಾಲ್ಕು ತಿಂಗಳಾಗಿತ್ತು. ಅವನಿಲ್ಲ ಎಂಬ ಮಾತು ಇನ್ನೂ ನನ್ನ ಬಾಯಿಂದ ಬಂದಿರಲಿಲ್ಲ. ಯಾರಾದರೂ ಕೇಳಿದರೆ ನಾನು ಒಳಗೆ ಹೋಗುತ್ತಿದ್ದೆ, ಮನೆಯವರು ಹೇಳುತ್ತಿದ್ದರು. ಇಲ್ಲಿ ಬೇರೆ ಯಾರೂ ಇರಲಿಲ್ಲ.

“ನನ್ನ ತಮ್ಮ ಅವನು. ತೀರಿಕೊಂಡ” ಎಂದೆ.

ಆಕೆ ಬಂಡೆಯ ಮೇಲೆ ಕುಳಿತಳು.

“ಬಂದಾಗೆಲ್ಲ ನನ್ನ ಕೂಡ ಜಗಳಾನೇ ನೋಡಕ್ಕ” ಎಂದಳು ಆಮೇಲೆ. “ಮೇಕೆ ಆಚೆ ಹೊಡಿ, ಕೆರೆಗೆ ಅಡ್ಡ ಬರ್ತಾವೆ ಅಂತಿದ್ರು. ಕೆರೆ ನಿಮ್ಮ ಹೆಸರಿಗೆ ಖಾತೆ ಆಗೈತೇನ್ರಿ ಅಂತ ನಾನೂ ಬಿಡ್ತಿರಲಿಲ್ಲ.”

ನನಗೆ ನಗು ಬಂತು. ಮನೆಯಲ್ಲಿ ಸಲೀಂ ಯಾರ ಮೇಲೂ ದನಿ ಎತ್ತಿದವನಲ್ಲ. ಆಕೆ ಎದ್ದು, ಮೇಕೆಗಳನ್ನು ಬದಿಗೆ ಹೊಡೆಯುತ್ತಾ, “ಈಗ ತಕ್ಕಳ್ರಿ, ಪೂರ್ತಿ ಕಾಣ್ತೈತೆ” ಎಂದಳು.

“ಬ್ಯಾಡ, ಅವೂ ಇರಲಿ ಬಿಡು” ಎಂದೆ.

ಗೋಡೆಗೆ ಹಾಕಿದ ಆ ಫೋಟೊದಲ್ಲಿ ಕೆರೆ ಅರ್ಧವಷ್ಟೇ ಕಾಣುತ್ತದೆ. ಮನೆಗೆ ಬಂದವರು ಇದೇನು ಎಂದು ಕೇಳಿದರೆ ಈಗ ನಾನು ಒಳಗೆ ಹೋಗುವುದಿಲ್ಲ. ತಮ್ಮನ ವಿಷಯ ನಾನೇ ಹೇಳುತ್ತೇನೆ, ಆ ಜಗಳದಿಂದ ಶುರುಮಾಡಿ.