ಸಂಗಮೇಶನ ಗುಹೆ ರಿಪೇರಿ
ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಟೆಸ್ಟಿಂಗ್ ಎಂಜಿನಿಯರ್ ಸಂಗಮೇಶ್, ವಿದೇಶಿ ಗಿರಾಕಿಗಳೆದುರು ಪ್ರಾಜೆಕ್ಟಿನ ನಕ್ಷೆಯೆಂದು ಪರದೆಗೆ ಬಿಟ್ಟದ್ದು ರಾಕ್ಷಸರ ಗುಹೆಯ ನಕ್ಷೆ. ಮ್ಯಾನೇಜರ್ ಬೆವರಿದ, ಗಿರಾಕಿಗಳು ಮಾತ್ರ, ಇಷ್ಟು ಸ್ಪಷ್ಟವಾದ ನಕ್ಷೆ ಈ ಕಂಪನಿಯಿಂದ ಇದೇ ಮೊದಲು ಎಂದರು. ಆ ಗುಹೆ ಇರುವುದು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಬಾಯಲ್ಲೇ ದಾಳಿ ಮಾಡುವ ಆಟವೊಂದರಲ್ಲಿ. ಆಡಿದವರೆಲ್ಲ ಉಗಿದಿದ್ದ ಆ ಆಟದ ಹಳೆಯ ಸಾಹಸಕಥೆಯೊಂದನ್ನು ಹೊಸ ನಿಯಮಗಳಿಗೆ ಹೊಂದಿಸುವುದು ಸಂಗಮೇಶನ ಶನಿವಾರದ ವ್ರತ. “ಕಥೆ ಸಕ್ಕತ್ತಾಗಿದೆ ಕಣ್ರೀ, ರೂಲ್ಸೇ ಸರಿಯಿಲ್ಲ” ಎನ್ನುತ್ತ ಗುಹೆಯ ಪ್ರತಿ ಬಾಗಿಲಿಗೂ ಹೊಸ ಬೀಗ ಜಡಿಯುತ್ತಾನೆ. ಆಟ ನಡೆಸುವವನಾದ್ದರಿಂದ ಆಟಗಾರರಿಗೆ ಎದುರಾಗುವ ಪಾತ್ರಗಳೆಲ್ಲ ಅವನವೇ; ಬಚ್ಚಲಲ್ಲಿ ಒಬ್ಬೊಬ್ಬ ರಾಕ್ಷಸನ ಸಾವಿನ ನರಳಾಟವನ್ನೂ ಬೇರೆ ಬೇರೆ ದನಿಯಲ್ಲಿ ಅಭ್ಯಾಸ ಮಾಡುತ್ತಾನೆ. ಎದುರುಮನೆಯವರು ಹೊಟ್ಟೆನೋವಿಗೆ ಕಷಾಯ ಹೇಳಿಹೋಗಿದ್ದಾರೆ. ಹಿಂದಿನ ಸಲ ಅರ್ಧಕ್ಕೇ ಎದ್ದುಹೋದ ಗೆಳೆಯರು ಇದೊಂದೇ ಸಲವೆಂದು ಮತ್ತೆ ಬರಲು ಒಪ್ಪಿದ್ದಾರೆ. ಆದರೆ ಎಲ್ಲರೂ ಶಪಿಸಿದ ದೃಶ್ಯ ಹಾಗೇ ಉಳಿದಿದೆ: ಮುದಿ ಮಾಂತ್ರಿಕನೊಬ್ಬ ಬಂದು, ಭಾಷಣ ಬಿಗಿದು, ಒಬ್ಬನೇ ಯುದ್ಧ ಗೆಲ್ಲುತ್ತಾನೆ, ಆಟಗಾರರು ಬಾಯಿ ಬಿಟ್ಟುಕೊಂಡು ಕೂರಬೇಕು. “ಈ ಸಲಾನೂ ಎದ್ದುಹೋಗ್ತಾರೆ ಕಣ್ರೀ. ಆ ಮುದುಕನ್ನ ಯಾಕೆ ಇಟ್ಕೊಂಡಿದ್ದೀರಾ?” ಎಂದಳು ಹೆಂಡತಿ ಕಾವ್ಯಾ. ಸಂಗಮೇಶ್ ತಲೆ ಎತ್ತಲಿಲ್ಲ. “ಆಟದುದ್ದಕ್ಕೂ ಒದೆ ತಿಂದು ಸಾಯೋರೆಲ್ಲ ನಾನೇ ಕಣೇ. ನನ್ ಕಡೆ ಗೆಲ್ಲೋನು ಅವನೊಬ್ನೇ.”