ಏನೂ ಬದಲಾಗದ ಅಪ್‌ಡೇಟ್

ನಾನು ಕೆಲಸ ಮಾಡುವುದು ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ಒಳಗೆ ಫೋನ್ ಒಯ್ಯುವಂತಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಪಾರಿವಾಳದ ಗೂಡಿನಂಥ ಖಾನೆಗಳಿವೆ. ಬೆಳಿಗ್ಗೆ ಒಂದರಲ್ಲಿ ಫೋನಿಟ್ಟು ಟೋಕನ್ ತೆಗೆದುಕೊಂಡು ಒಳಗೆ ಹೋದರೆ ಅದರ ಮುಖ ನೋಡುವುದು ಸಂಜೆಗೇ. ಹೀಗಾಗಿ ಫೋನಿನ ಬಗೆಗಿನ ನನ್ನ ಸಂತೋಷ, ಸಂಶಯ ಎರಡೂ ಮನೆಯಿರುವ ಮಲ್ಕಾಜ್‌ಗಿರಿಗೆ ವಾಪಸು ಬರುವ ಕಾರ್ಖಾನೆಯ ಬಸ್ಸಿನಲ್ಲೇ ಬೆಳೆದವು.

ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಮೈಸೂರು ಕಡೆಯವರು. ನಾನು ಲಿಂಗಸುಗೂರು ಕಡೆಯವನು. ತೆಲುಗರೇ ತುಂಬಿದ ಆ ಬಸ್ಸಿನಲ್ಲಿ ಕನ್ನಡದವರು ನಾವಿಬ್ಬರೇ. ಒಂದೇ ವರ್ಷ ಇಬ್ಬರೂ ಅಬಿಡ್ಸ್ ಪೇಟೆಗೆ ಹೋಗಿ ಮೊದಲ ಸ್ಮಾರ್ಟ್‌ಫೋನ್ ಕೊಂಡೆವು. ಆಮೇಲೆ ಕೆಲವು ವರ್ಷ ನಮ್ಮ ಮಾತಿಗೆ ವಿಷಯದ ಬರವೇ ಇರಲಿಲ್ಲ. ಗೇಟಿನಲ್ಲಿ ಫೋನ್ ಕೈಗೆ ಬಂದದ್ದೇ ಅವರು ಕೇಳುತ್ತಿದ್ದರು, "ಸಾರ್, ನಿಮಗೆ ಬಂತಾ?"

ಬಂದದ್ದು ಏನು ಎಂದು ಹೇಳಬೇಕಿರಲಿಲ್ಲ. ಅಪ್‌ಡೇಟ್. ಆಗ ಅದಕ್ಕೆ ಸಿಹಿತಿಂಡಿಗಳ ಹೆಸರಿಡುತ್ತಿದ್ದರು.

"ನಮ್ಮ ಮೈಸೂರ್ ಪಾಕ್ ಹೆಸರು ಯಾವಾಗ ಇಡ್ತಾರೆ ಸಾರ್?" ಎಂದು ಅವರು ಕೇಳಿದರೆ, "ಮದಲ ಕರದಂಟಿನ ಪಾಳಿ ಬರಲಿ ತಡೀರಿ" ಎಂದು ನಾನು ಅನ್ನುತ್ತಿದ್ದೆ.

ಮೊದಲ ದೊಡ್ಡ ಅಪ್‌ಡೇಟನ್ನು ನಮ್ಮ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಾಕಿದೆವು. ಫ್ರಿಜ್ಜಿನ ಪಕ್ಕದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ, ಫೋನನ್ನು ಸ್ಟೂಲಿನ ಮೇಲಿಟ್ಟು, ನಾನು, ಹೆಂಡತಿ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು, ಅವ್ವ ಎಲ್ಲರೂ ಚಹಾ ಕುಡಿಯುತ್ತ ಸುತ್ತ ಕೂತಿದ್ದೆವು. ಫೋನ್ ಮತ್ತೆ ಹೊತ್ತಿಕೊಂಡಾಗ ಬಣ್ಣಗಳೆಲ್ಲ ಬೇರೆ, ಚಿತ್ರಗಳ ಆಕಾರ ಬೇರೆ.

"ಹಬ್ಬಕ್ಕ ಸುಣ್ಣ ಹಚ್ಚಿದಂಗ ಆಗೇತಲ್ಲೋ!" ಎಂದಳು ಅವ್ವ.

ಅದಕ್ಕಿಂತ ದೊಡ್ಡ ಸಂಗತಿ ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಊರಿನಿಂದ ಯಾರಾದರೂ ಕನ್ನಡದಲ್ಲಿ ಮೆಸೇಜು ಕಳಿಸಿದರೆ ನನ್ನ ಫೋನಿನಲ್ಲಿ ಅಕ್ಷರದ ಬದಲು ಸಣ್ಣ ಸಣ್ಣ ಚೌಕಗಳ ಸಾಲು ಕಾಣುತ್ತಿತ್ತು. ಅವತ್ತು ಆ ಚೌಕಗಳೆಲ್ಲ ಅಕ್ಷರಗಳಾಗಿದ್ದವು. ಅವ್ವನ ತಂಗಿಯ ಮಗ ಎಂದೋ ಕಳಿಸಿದ್ದ ಮದುವೆಯ ಕರೆಯನ್ನು ಅವ್ವ ಬೆರಳಿಟ್ಟುಕೊಂಡು ಓದಿದಳು. ಮದುವೆ ಮುಗಿದು ಹೋಗಿತ್ತು, ಆ ಮಾತು ಬೇರೆ. ಅವಳಿಗೆ ಅನುಕೂಲವಾಗಲೆಂದು ಇಡೀ ಫೋನನ್ನೇ ಕನ್ನಡಕ್ಕೆ ಬದಲಾಯಿಸಿದೆ.

ಅಂಥ ಅಪ್‌ಡೇಟುಗಳು ಇನ್ನೂ ಒಂದೆರಡು ಬಂದವು. ಆಮೇಲೆ ಒಮ್ಮೆ ಫೋನ್ ಬದಲಾಯಿಸಿ ಹೊಸದನ್ನೂ ಕನ್ನಡದಲ್ಲೇ ಇಟ್ಟೆ, ಆದರೆ ಅಪ್‌ಡೇಟುಗಳು ಉಪ್ಪಿಲ್ಲದ ಸಾರಿನಂತಾದವು. ಸಿಹಿತಿಂಡಿಗಳ ಹೆಸರು ಹೋಗಿ ಬರೀ ನಂಬರ್ ಉಳಿಯಿತು. ಬದಲಾವಣೆಗಳ ಪಟ್ಟಿ ಮೊದಲು ಪುಟಗಟ್ಟಲೆ ಇರುತ್ತಿತ್ತು, ಕೊನೆಗೆ ಒಂದೇ ಸಾಲಾಯಿತು: "ಕೆಲವು ದೋಷಗಳನ್ನು ಸರಿಪಡಿಸಲಾಗಿದೆ, ಸ್ಥಿರತೆಯನ್ನು ಸುಧಾರಿಸಲಾಗಿದೆ."

ನನ್ನ ತಲೆ ಕೆಟ್ಟದ್ದು ಈ ಸಾಲಿನಿಂದ. ನಮ್ಮ ವಿಭಾಗದಲ್ಲಿ ಒಂದು ಬಿಡಿಭಾಗದ ರಂಧ್ರ ಕೂದಲೆಳೆಯಷ್ಟು ಸರಿದರೂ ಅದಕ್ಕೊಂದು ಚೇಂಜ್ ನೋಟ್ ಬರೆಯಬೇಕು. ಮೊದಲು ಹೇಗಿತ್ತು, ಈಗ ಹೇಗಿದೆ, ಯಾಕೆ ಬದಲಾಯಿಸಿದಿರಿ, ಯಾರು ಒಪ್ಪಿದರು, ಎಲ್ಲ ಅದರಲ್ಲಿರಬೇಕು. "ಕೆಲವು ದೋಷಗಳನ್ನು ಸರಿಪಡಿಸಲಾಗಿದೆ" ಎಂದು ನಾನೇನಾದರೂ ಬರೆದುಕೊಟ್ಟಿದ್ದರೆ ನಮ್ಮ ಸಾಹೇಬರು ಆ ಹಾಳೆಯನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದರು. ಯಾವ ದೋಷ? ಇಷ್ಟು ದಿನ ಅದು ನನ್ನ ಜೇಬಿನಲ್ಲಿ ಏನು ಮಾಡುತ್ತಿತ್ತು? ಬಸ್ಸಿನಲ್ಲಿ ಇದನ್ನೇ ಕೇಳಿದೆ.

"ನೀವು ಎಲ್ಲದಕ್ಕೂ ಅಳತೆಯ ಗೇಜ್ ಹಿಡೀತೀರಾ ಸಾರ್. ಒತ್ತಿ ಬಿಟ್ಟುಬಿಡಿ. ನಾನಂತೂ ಏನು ಬಂತು ಅಂತ ನೋಡೋದೂ ಇಲ್ಲ" ಎಂದರು ಮೈಸೂರಿನವರು, ಮತ್ತು ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರು. ಇದೇ ಮನುಷ್ಯ ಒಂದು ಕಾಲಕ್ಕೆ ಹೊಸ ಗಡಿಯಾರದ ಚಿತ್ರ ತೋರಿಸಲು ನನ್ನ ನಿದ್ದೆ ಕೆಡಿಸುತ್ತಿದ್ದವರು.

ನಾನು ಕಣ್ಣು ಮುಚ್ಚಲಿಲ್ಲ. ಮುಂದಿನ ಅಪ್‌ಡೇಟ್ ಆದ ಎರಡನೆಯ ದಿನ ಹೆಂಡತಿ ನನ್ನ ಫೋನ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳ ಮುಖ ನೋಡಿಯೇ ಏನೋ ಆಗಿದೆ ಅನ್ನಿಸಿತು.

"ಏನ್ರೀ, ಯಾವಾಗಿಂದ ನಡೆಸೀರಿ ಇದನ್ನ?"

"ಏನು?"

"ಇಸ್ಪೀಟು."

ನೋಡಿದರೆ ನನ್ನ ಫೋನಿನಲ್ಲಿ ರಾಜ, ರಾಣಿ, ಗುಲಾಮರ ಚಿತ್ರವಿದ್ದ ಒಂದು ಜೂಜಿನ ಆ್ಯಪ್ ಕೂತಿತ್ತು. ನಾನು ಹಾಕಿದ್ದಲ್ಲ. ಅಪ್‌ಡೇಟಿನ ಬೆನ್ನು ಹತ್ತಿ ಬಂದದ್ದು. ಅದನ್ನು ಅವಳಿಗೆ ನಂಬಿಸುವುದರೊಳಗೆ ಸಾಕುಸಾಕಾಯಿತು. ಅವಳ ಸೋದರಮಾವ ಒಬ್ಬ ಇಸ್ಪೀಟಿನಲ್ಲಿ ಹೊಲ ಕಳೆದವನು. ಆ ಮನೆಯವರು ಆ ಎಲೆಗಳನ್ನು ಕಂಡರೆ ಹಾವು ಕಂಡಂತೆ ಬೆಚ್ಚುತ್ತಾರೆ.

"ತಾನಾಗೇ ಬಂತಂತ! ತಾನಾಗೇ ಬರಾಕ ಅದೇನು ಬೆಕ್ಕೇನ್ರಿ?" ಎಂದಳು. ಎದುರಿಗೇ ಅಳಿಸಿ ತೋರಿಸಿದೆ. ಆದರೂ ಆಮೇಲೆ ಕೆಲವು ವಾರ ನಾನು ಫೋನ್ ಹಿಡಿದು ಕೂತಾಗಲೆಲ್ಲ ಅವಳು ಏನೋ ನೆಪ ಮಾಡಿಕೊಂಡು ನನ್ನ ಬೆನ್ನ ಹಿಂದೆ ಹಾದುಹೋಗುತ್ತಿದ್ದಳು.

ಅದೇ ಅಪ್‌ಡೇಟಿನಿಂದ ಫೋನ್ ಬಿಸಿಯಾಗತೊಡಗಿತು, ಬ್ಯಾಟರಿ ಖಾನೆಯಲ್ಲಿ ಇದ್ದಲ್ಲೇ ಸಂಜೆಯೊಳಗೆ ಬಸಿದುಹೋಗತೊಡಗಿತು. ಅಬಿಡ್ಸ್‌ನ ಗಲ್ಲಿಯೊಂದರಲ್ಲಿ ಫೋನ್ ರಿಪೇರಿ ಮಾಡುವವನ ಹತ್ತಿರ ಒಯ್ದೆ. ಅವನು ಅದನ್ನು ಕೈಯಲ್ಲಿ ತೂಗಿ, ತೆರೆಯದೆಯೇ ಕೇಳಿದ, "ಅಪ್‌ಡೇಟ್ ಮಾರೇ ಕ್ಯಾ ಸಾಬ್? ಕಾಯ್ಕು ಮಾರೇ? ನಕ್ಕೋ ಬೋಲ್ತೂಂ, ಕೋಯಿ ಸುನ್ತೇಚ್ ನೈ!" ಬೇಡ ಅಂತ ಬಡಕೊಂಡರೂ ಯಾರೂ ಕೇಳುವುದಿಲ್ಲ ಎಂಬುದು ಅವನ ಗೋಳು. ಕಂಪನಿಯವರು ಹಳೆಯ ಫೋನುಗಳನ್ನು ಬೇಕೆಂದೇ ನಿಧಾನ ಮಾಡುತ್ತಾರೆ, ಹೊಸದು ಕೊಳ್ಳಲಿ ಎಂದು. ಹೀಗೆಂದು ಹೇಳಿ, ಅದೇ ಉಸಿರಿನಲ್ಲಿ ಗಾಜಿನ ಕಪಾಟಿನಿಂದ ಒಂದು ಹೊಸ ಫೋನ್ ತೆಗೆದು ನನ್ನ ಮುಂದಿಟ್ಟ. ನನಗೆ ಅವನ ಮೇಲೂ ಸಂಶಯ ಬಂತು. ಬ್ಯಾಟರಿ ಮಾತ್ರ ಬದಲಿಸಿಕೊಂಡು, ಅವನು ಅದನ್ನು ಹಾಕುವಾಗ ಕಣ್ಣು ಮಿಟುಕಿಸದೆ ನೋಡಿ ವಾಪಸು ಬಂದೆ.

ಅಂದಿನಿಂದ ಅಪ್‌ಡೇಟಿಗೆ ನನ್ನ ಮನೆಯ ಬಾಗಿಲು ಬಂದ್. ತಾನಾಗಿ ಆಗುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿದೆ. ಆದರೂ ಅದು ಕೇಳುವುದನ್ನು ಬಿಡಲಿಲ್ಲ. "ಹೊಸ ಅಪ್‌ಡೇಟ್ ಸಿದ್ಧವಾಗಿದೆ. ಈಗ ಇನ್‌ಸ್ಟಾಲ್ ಮಾಡಬಹುದೇ?" ನಾನು "ನಂತರ" ಎಂಬುದನ್ನು ಒತ್ತುತ್ತಿದ್ದೆ. ಮರುದಿನ ಮತ್ತೆ. ನನ್ನ ಫೋನನ್ನು ಯಾರೂ ಮುಟ್ಟಬಾರದು ಎಂದು ಮನೆಯಲ್ಲಿ ಕಟ್ಟಾಜ್ಞೆ ಮಾಡಿದೆ. ಹೀಗೆ ಒಂದೆರಡು ವರ್ಷ ಕಳೆದವು.

ಒಂದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊತ್ತು ನೋಡಲು ಫೋನ್ ತೆಗೆದೆ. ಗಡಿಯಾರದ ಅಂಕಿಗಳು ಸ್ವಲ್ಪ ದಪ್ಪಗಾಗಿದ್ದವು. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ನನ್ನ ಹೊಟ್ಟೆಪಾಡೇ ಅಂಥದ್ದನ್ನು ಗುರುತಿಸುವುದು. ಹಿಂದಿನ ಸಂಜೆ ಫೋನ್ ಆಗಷ್ಟೇ ಆರಿ ಹೊತ್ತಿಕೊಂಡಿದ್ದರ ಹಾಗೆ ನನ್ನ ಬೆರಳನ್ನು ಒಪ್ಪದೆ ನಂಬರ್ ಕೇಳಿದ್ದೂ ನೆನಪಾಯಿತು; ಕೈ ಬೆವರಿದೆ ಎಂದುಕೊಂಡು ಸುಮ್ಮನಾಗಿದ್ದೆ. ಸೆಟ್ಟಿಂಗಿನಲ್ಲಿ ನೋಡಿದೆ. ಫೋನ್ ಅಪ್‌ಡೇಟ್ ಆಗಿತ್ತು.

ಅಷ್ಟರಲ್ಲಿ ಗೇಟು ಬಂತು. ಫೋನನ್ನು ಖಾನೆಯಲ್ಲಿಟ್ಟು ಒಳಗೆ ಹೋದೆ. ಆ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಗೇಜ್ ಹಿಡಿದು ನಿಂತಾಗಲೂ ಕತ್ತಲ ಖಾನೆಯಲ್ಲಿ ಒಂಟಿಯಾಗಿ ಕೂತ ಆ ಫೋನ್ ಈಗ ಏನು ಮಾಡುತ್ತಿರಬಹುದು ಎಂದೇ ಯೋಚನೆ. ತಾನಾಗಿ ಆಗಿರಲಾರದು, ಅದನ್ನು ನಿಲ್ಲಿಸಿದ್ದೆ. ಅಂದರೆ ಮನೆಯಲ್ಲಿ ಯಾರೋ ಒತ್ತಿದ್ದಾರೆ. ಹೆಂಡತಿ ಇಸ್ಪೀಟಿನ ಪ್ರಸಂಗದ ನಂತರ ಅಪ್‌ಡೇಟ್ ಎಂಬ ಶಬ್ದಕ್ಕೇ ಸಿಡಿಮಿಡಿ ಎನ್ನುವವಳು. ಉಳಿದವಳು ಮಗಳು. "ನಿನ್ನ ಫೋನಿಗೆ ತುಕ್ಕು ಹಿಡಿತೈತಪ್ಪಾ" ಎಂದು ಹೋದ ವಾರವಷ್ಟೇ ನಕ್ಕಿದ್ದಳು.

ಮಗಳು ಆಗ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿಗೆ ಹೋಗುತ್ತಿದ್ದಳು. ಸಂಜೆ ಅವಳು ಚಪ್ಪಲಿ ಬಿಡುವುದನ್ನೇ ಕಾಯುತ್ತ ಕೂತಿದ್ದೆ.

"ನನ್ನ ಫೋನ್ ಮುಟ್ಟೀಯೇನು?"

"ಇಲ್ಲ. ಯಾಕ?"

"ಅಪ್‌ಡೇಟ್ ಆಗೇತಿ. ನೀನಲ್ಲದ ಮತ್ಯಾರಿಗೆ ಗೊತ್ತೈತಿ ಅದು?"

"ಅಪ್ಪಾ, ನನ್ನ ಫೋನಿಗೆ ಬಂದದ್ದನ್ನ ನೋಡಾಕ ನನಗ ಹೊತ್ತಿಲ್ಲ, ನಿನ್ನ ಫೋನ್ ಯಾಕ ಮುಟ್ಟಲಿ?" ಅವಳು ಚೀಲವನ್ನು ನೆಲಕ್ಕೆ ಬಿಟ್ಟಳು. "ಒಂದ್ ಮಾತ್ ಹೇಳ್ತೀನಿ ಕೇಳು. ಮಂದಿ ಯಾರೂ ಈಗ ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ನೀನೊಬ್ಬನ ಕಾವಲ ಕುಂತೀದಿ."

"ಹಂಗಾದ್ರ ತಾನಾಗೇ ಆತೇನು?" ನನ್ನ ದನಿ ಏರಿತು. ತಾನಾಗೇ ಎಂಬ ಮಾತು ಕೇಳಿ ಒಲೆಯ ಮುಂದಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ನನಗೆ ಇನ್ನೂ ಸಿಟ್ಟು ಬಂತು.

ಆಗ ಕಿಟಕಿಯ ಹತ್ತಿರ ಕೂತಿದ್ದ ಅವ್ವ ಅಂದಳು, "ಹುಡುಗೀಗೆ ಯಾಕ ಬೈತೀಯೋ? ನಾನ ಒತ್ತೇನಿ."

ಮೂವರೂ ಅವಳ ಕಡೆ ತಿರುಗಿದೆವು. ಪ್ರತಿ ಭಾನುವಾರ ಊಟವಾದ ಮೇಲೆ ನಾನು ಒಂದು ಜೊಂಪು ತೆಗೆಯುತ್ತೇನೆ. ಮಲಗುವ ಮುಂಚೆ ವಚನ ಗಾಯನ ಹಚ್ಚಿ ಫೋನನ್ನು ಅವಳ ಕೈಗೆ ಕೊಡುತ್ತೇನೆ. ಕಟ್ಟಾಜ್ಞೆಯಲ್ಲಿ ಅವ್ವನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ನೀ ಯಾಕ ಒತ್ತಿದಿ ಅವ್ವಾ?"

"ಅದು ದಿನಾ ಕೇಳತೈತಿ, ನೀ ದಿನಾ ಒಲ್ಲೆ ಅಂತಿ. ನಾ ನೋಡೇ ಇಲ್ಲೇನು? ನಿನ್ನೆ ಹಾಡಿನ ನಡುವ ಬಂದು ನನ್ನ ಕೇಳಿತು. ಮಾಡಬಹುದೇ ಅಂತ ಕೇಳಿತು. ಹೂಂ ಅಂದೆ."

"ಯಾರ ಏನ್ ಕೇಳಿದ್ರೂ ಹೂಂ ಅಂತೀಯೇನು?"

"ಕನ್ನಡದಾಗ ಕೇಳಿತಲ್ಲೋ" ಎಂದಳು ಅವ್ವ. "ಹಾಲಿನಾಂವ ತೆಲುಗಿನ್ಯಾಗ ಒದರ್ತಾನ. ಆಟೋದಾಂವ ಹಿಂದಿಯೊಳಗ ಕೇಳ್ತಾನ. ದವಾಖಾನ್ಯಾಗ ಏನ್ ಕೇಳ್ತಾರಂತ ನೀ ಹೇಳೂತನಾ ನನಗ ತಿಳಿಯೂದಿಲ್ಲ. ಈ ಊರಾಗ ಮನಿಮಂದಿ ಬಿಟ್ರ ನನ್ನ ಕನ್ನಡದಾಗ ಯಾರು ಕೇಳ್ತಾರ ಹೇಳು?"

ಅವ್ವ ಮುಂದುವರಿಸಿದಳು, "ಆಮ್ಯಾಲ ಕರ್ರಗಾತು. ಸತ್ತೇ ಹೋತೇನೋ ಅಂತ ಅಂಜಿ ನಿನ್ನ ದಿಂಬಿನ ಬಾಜೂಕ ಇಟ್ಟು ಬಂದೆ. ಏನರ ಕೆಟ್ಟೈತೇನು?"

ಮಗಳಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯ ಪಕ್ಕ ಕೂತು ಅವಳ ಭುಜಕ್ಕೆ ತಲೆಯಿಟ್ಟಳು. ನನ್ನ ಕಡೆ ಮಾತ್ರ ನೋಡಲಿಲ್ಲ. ಎರಡು ದಿನ ನನ್ನೊಡನೆ ಹೂಂ, ಊಹೂಂ ಅಷ್ಟೇ. ಮೂರನೆಯ ದಿನ ಅವಳ ಕ್ಲಾಸು ಬಿಡುವ ಹೊತ್ತಿಗೆ ದಿಲ್‌ಸುಖ್‌ನಗರಕ್ಕೆ ಹೋಗಿ ಮೆಟ್ರೋ ಮೆಟ್ಟಿಲ ಕೆಳಗೆ ನಿಂತೆ. ನನ್ನನ್ನು ಕಂಡು ಅವಳು ಗಾಬರಿಯಾದಳು.

"ಅಜ್ಜಿ ಆರಾಮ್ ಅದಾಳಿಲ್ಲೋ?"

"ಆರಾಮ್ ಅದಾಳ. ನಿನ್ನ ಕರಕೊಂಡ ಹೋಗಾಕ ಬಂದೆ. ಸುಮ್ನ ನಿನ್ನ ಮ್ಯಾಲ ಹಾಯ್ದೆ ನೋಡು ಅವತ್ತು."

"ಅದಕ್ಕ ಇಲ್ಲೀತನಾ ಬಂದೀಯೇನು?" ಎಂದು ನಕ್ಕಳು. ದಾರಿಯಲ್ಲಿ ಮಿರ್ಚಿ ಬಜ್ಜಿ ತಿಂದೆವು. ಅವಳ ಕೈಗೆ ನನ್ನ ಫೋನ್ ಕೊಟ್ಟು, ಏನೇನು ಬದಲಾಗಿದೆ ಹುಡುಕು ಎಂದೆ. ಅವಳು ಬೆರಳಿನ ಎಣ್ಣೆ ಒರೆಸಿಕೊಂಡು ಮೇಲಿಂದ ಕೆಳಗೆ ನೋಡಿದಳು. ಇಸ್ಪೀಟು ಬಂದಿಲ್ಲ. ಬಿಸಿಯಾಗುತ್ತಿಲ್ಲ. ಬ್ಯಾಟರಿ ಇದ್ದಂತೆಯೇ ಇದೆ. ಗಡಿಯಾರದ ಅಂಕಿ ದಪ್ಪಗಾಗಿದ್ದು ಬಿಟ್ಟರೆ ಏನೂ ಇಲ್ಲ.

"ಏನೂ ಬದಲಾಗಿಲ್ಲಪ್ಪಾ."

"ಏನೂ ಬದಲಾಗಿಲ್ಲ ಅಂದ್ರ ಅಷ್ಟು ದೊಡ್ಡ ಫೈಲು ಯಾಕ ಇಳೀತು? ಅದರಾಗ ಏನಿತ್ತು?"

ಅವಳು ಫೋನ್ ಹಿಂದಕ್ಕೆ ಕೊಟ್ಟು ಇನ್ನೊಂದು ಬಜ್ಜಿ ತೆಗೆದುಕೊಂಡಳು. ಮರುದಿನ ಬಸ್ಸಿನಲ್ಲಿ ಮೈಸೂರಿನವರನ್ನೂ ಕೇಳಿದೆ. "ನನಗೂ ಆಗಿರಬೇಕು ಸಾರ್, ಗಮನಿಸಿಲ್ಲ" ಎಂದರು. ನನ್ನ ಸಂಶಯ ಮಾತ್ರ ಹೋಗಲಿಲ್ಲ. ಕೆಟ್ಟಿದ್ದರೆ ಕೆಟ್ಟಿದೆ ಎನ್ನಬಹುದಿತ್ತು. ಮನೆ ಹೊಕ್ಕು, ಒಂದು ಜಾಗದಲ್ಲೂ ಗೀರು ಬೀಳದ ಹಾಗೆ ಬಂದುಹೋದವನನ್ನು ಏನೆಂದು ಹಿಡಿಯುವುದು?

ಕೆಲವು ತಿಂಗಳ ಮೇಲೆ ಮತ್ತೊಂದು ಬಂತು. ಈ ಸಲ ಬ್ಯಾಂಕಿನ ಆ್ಯಪ್ ಹಟ ಹಿಡಿದಿತ್ತು, ಫೋನನ್ನು ಅಪ್‌ಡೇಟ್ ಮಾಡದಿದ್ದರೆ ತೆರೆಯುವುದೇ ಇಲ್ಲವೆಂದು. ಅವ್ವ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. ನಾನು ಅವಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ: "ಭದ್ರತೆಯನ್ನು ಇನ್ನಷ್ಟು ಬಲಪಡಿಸಲಾಗಿದೆ."

"ಅಂದ್ರ?"

"ಕಳ್ಳರು ಬರಬಾರದಂತ ಬಾಗಿಲಾ ಗಟ್ಟಿ ಮಾಡ್ಯಾರಂತ."

ಅವ್ವನ ಕೈ ನಿಂತಿತು. "ಅಂದ್ರ ಇಷ್ಟ ದಿನ ಗಟ್ಟಿ ಇದ್ದಿಲ್ಲೇನು?"

"ಇದ್ದಿಲ್ಲ ಅನಸತೈತಿ."

"ಮತ್ತ ಆವಾಗ ನನಗ್ಯಾಕ ಹೇಳಲಿಲ್ಲ ಅದು? ಬರೇ ಮಾಡಬಹುದೇ ಅಂತ ಕೇಳಿತು." ಅವಳು ಕನ್ನಡಕ ಸರಿಮಾಡಿಕೊಂಡು ಫೋನಿನ ಮೇಲೆ ಬಾಗಿದಳು. "ಬಾಗಿಲಾ ಗಟ್ಟಿ ಮಾಡಾಂವ ಯಾರು? ನೀ ನೋಡೀಯೇನು ಅವನ್ನ?"

"ಇಲ್ಲವ್ವಾ."

"ನಿಮ್ಮ ಕಾರ್ಖಾನ್ಯಾಗ ಯಾರರ ನೋಡ್ಯಾರೇನು?"

"ಯಾರೂ ನೋಡಿಲ್ಲ."

"ಮತ್ತ ಕೀಲಿ ಯಾರ ಕಡೆ ಇರತೈತಿ?"

ಬ್ಯಾಂಕಿನ ಕೆಲಸ ಬಾಕಿ ಇತ್ತು, ಒತ್ತಿದೆ. ಫೋನ್ ಆರಿತು. ಅವ್ವ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, ಆ ಕಪ್ಪು ಗಾಜಿನ ಮೇಲಿಂದ ಕಣ್ಣು ತೆಗೆಯದೆ ಕಾವಲು ಕೂತಳು.