ಮೀನಿಗೆ ಹಚ್ಚಿದ ಅರಿಶಿನ

ತೊಳೆಯದ ಮೀನನ್ನು ನಮ್ಮ ಮನೆಯಿಂದ ಯಾರಿಗೂ ಕೊಡುವ ಪದ್ಧತಿ ಇಲ್ಲ. ಮೊಮ್ಮಗಳು ತನ್ನ ಪ್ರಯೋಗಕ್ಕೆ ಮೀನಿನ ತುಂಡು ಕೇಳಿದಾಗ "ತಂದ ಹಾಗೇ ಕೊಡಜ್ಜಿ" ಅಂದಿದ್ದಳು. ತಿರುವೊಟ್ಟಿಯೂರಿನ ಕಡಲ ದಂಡೆಯಿಂದ ತಂದ ಮೀನಿಗೆ ನಾನು ಉಪ್ಪು, ಅರಿಶಿನ ತಿಕ್ಕಿ, ಚೆನ್ನಾಗಿ ತೊಳೆದು ಡಬ್ಬಿಗೆ ಹಾಕಿ ಕೊಟ್ಟೆ.

ಅವಳ ಓದಿನಲ್ಲಿ ನನಗೆ ತಿಳಿದದ್ದು ಇಷ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಅವಳೇ ಮಾಡುತ್ತಾಳೆ. ಆಹಾರದ ಮೇಲೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಇದ್ದರೆ ಆ ಕಣಗಳು ಹೋಗಿ ಅದಕ್ಕೇ ಅಂಟಿಕೊಳ್ಳುತ್ತವೆ. ನೇರಳೆ ಬೆಳಕಿನ ಟಾರ್ಚ್ ಹಾಯಿಸಿದರೆ ಅಲ್ಲಿ ಹಸಿರಾಗಿ ಹೊಳೆಯುತ್ತದೆ. ಅರ್ಧ ಗಂಟೆ ಸಾಕಂತೆ. ಹೋದ ವರ್ಷ ಅವಳಮ್ಮ, ಅಂದರೆ ನನ್ನ ಮಗಳು, ಮದುವೆ ಊಟ ಉಂಡು ಪೋರೂರಿನಲ್ಲಿ ಆಸ್ಪತ್ರೆ ಸೇರಿದ್ದಳು. ಯಾವ ಕ್ರಿಮಿ ಎಂಬ ವರದಿ ಬರುವ ಹೊತ್ತಿಗೆ ಗುಣವಾಗಿ ಮನೆಗೆ ಬಂದು ನನ್ನ ಹತ್ತಿರ ಜಗಳವಾಡುತ್ತಿದ್ದಳು.

ಶುದ್ಧ ನೀರಿನಲ್ಲಿ ಪರೀಕ್ಷೆ ಸರಿಬಂದಿತ್ತು. ಮನೆಯ ಆಹಾರದಲ್ಲಿ ಬರದಿದ್ದರೆ ಈ ವಿಷಯವನ್ನೇ ಬಿಡು ಎಂದು ಅವಳ ಮೇಡಂ ಹೇಳಿದ್ದರು.

ಸಂಜೆ ಮುಖ ಊದಿಸಿಕೊಂಡು ಬಂದಳು. "ಎಲ್ಲಾ ಹೋಯ್ತಜ್ಜಿ. ಮೀನು ಪೂರ್ತಿ ಹೊಳೀತು. ಬ್ಯಾಕ್ಟೀರಿಯಾ ಎಲ್ಲಿದೆ, ಎಲ್ಲಿಲ್ಲ, ಒಂದೂ ತಿಳೀಲಿಲ್ಲ."

"ನಮ್ಮ ಮೀನು ಕೆಟ್ಟಿರ್ಲಿಲ್ಲ. ನಿನ್ನ ಟಾರ್ಚೇ ಕೆಟ್ಟಿರ್ಬೇಕು."

ಸಿಟ್ಟಿನಿಂದ ಟಾರ್ಚ್ ತೆಗೆದು ಹೊತ್ತಿಸಿದಳು. ಬೆಳಕು ನನ್ನ ಕೈ ಮೇಲೆ ಬಿತ್ತು. ಉಗುರು, ಬೆರಳ ಸಂದಿ ಎಲ್ಲ ಹಸಿರುಹಳದಿಯಾಗಿ ಹೊಳೆದವು.

"ನೋಡು, ನಾನೂ ಕೆಟ್ಟೋಗಿದೀನಿ," ಎಂದೆ.

ಅವಳು ನಗಲಿಲ್ಲ. "ಅಜ್ಜಿ, ಮೀನಿಗೆ ಮಂಜಳ್ ಹಾಕಿದ್ಯಾ?"

"ಅರಿಶಿನ ಹಾಕ್ದೆ ಕೊಡ್ತೀನಾ? ನಾಲ್ಕು ಜನ ನೋಡೋ ಮೀನು."

"ಅಯ್ಯೋ ಕಡವುಳೇ! ಮಂಜಳೂ ಈ ಬೆಳಕಿಗೆ ಹೊಳಿಯುತ್ತೆ!" ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು.

"ಆಯ್ತು ಬಿಡು, ಇನ್ಮೇಲೆ ಹಾಕಲ್ಲ."

"ಇಲ್ಲ, ಹಾಕು. ಈ ಊರಲ್ಲಿ ಯಾರ ಮನೆ ಮೀನಿಗೆ ಮಂಜಳ್ ಹಾಕಲ್ಲ ಹೇಳು? ನಾನೇ ಕಣದ ಬಣ್ಣ ಬದಲಾಯಿಸ್ತೀನಿ."

ಕೆಂಪಾಗಿ ಹೊಳೆಯುವ ಕಣ ಮಾಡಲು ಕೆಲವು ತಿಂಗಳೇ ಹಿಡಿಯಿತು. ಮತ್ತೆ ಅರಿಶಿನದ ಮೀನು ಕೊಟ್ಟೆ. ಒಂದು ತುಂಡು ಆಗಷ್ಟೇ ತಂದದ್ದು. ಇನ್ನೊಂದು, ಅವಳೇ ಹೇಳಿದಂತೆ, ತಿಂಡಿ ಹೊತ್ತಿನಿಂದ ಅಡುಗೆ ಕಟ್ಟೆಯ ಮೇಲೆ ಬಿಟ್ಟದ್ದು. ಶುರು ಮಾಡಿದೆ ಎಂದು ಫೋನ್ ಬಂತು. ನಾನು ಅನ್ನ ಬಸಿಯುವಷ್ಟರಲ್ಲಿ ಇನ್ನೊಂದು.

"ಅಜ್ಜಿ, ಹಳದಿ ಮಧ್ಯೆ ಕೆಂಪು ಚೆನ್ನಾಗಿ ಕಾಣ್ತಿದೆ! ಹೊರಗಿಟ್ಟಿದ್ದ ತುಂಡಲ್ಲಿ ಮಾತ್ರ. ಇನ್ನೂ ಎಷ್ಟೋ ಸಲ ಮಾಡಿ ನೋಡ್ಬೇಕು. ಆದ್ರೆ ಮೇಡಂ ಮುಂದುವರಿಸು ಅಂದ್ರು!"

ಹೊರಗಿಟ್ಟ ಮೀನಿನಲ್ಲಿ ಉಳಿದದ್ದು ಇನ್ನೂ ಕಟ್ಟೆಯ ಮೇಲೇ ಇತ್ತು. ಮೂಸಿ ನೋಡಿದೆ. ನನ್ನ ಮೂಗಿಗೆ ಏನೂ ತಿಳಿಯಲಿಲ್ಲ; ಬೇರೆ ದಿನವಾಗಿದ್ದರೆ ಸಾರಿಗೆ ಹಾಕುತ್ತಿದ್ದೆ. ಕಸದ ಬುಟ್ಟಿಗೆ ಸುರಿದು, ಸೋಪು ಹಾಕಿ ಕೈ ತೊಳೆದೆ.